ಕರೇಕಲ್ಲು ಬೆಟ್ಟದ ಹಸಿಮಡಕೆ ದಾರಿ

ತುಮಕೂರು ನಗರದಿಂದ ಅರ್ಧ ಗಂಟೆಯ ದೂರದಲ್ಲಿರುವ ಕರೇಕಲ್ಲು ಬೆಟ್ಟಕ್ಕೆ ಶನಿವಾರ ಭಾನುವಾರ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೈಕಲ್ಲುಗಳು. ದಪ್ಪ ಟೈರಿನ, ಮುಂದಿನ ಚಕ್ರಕ್ಕೆ ಸ್ಪ್ರಿಂಗು ಕೂರಿಸಿದ ಈ ಸೈಕಲ್ಲುಗಳನ್ನು ಸವಾರರು ಹೆಗಲ ಮೇಲೆ ಹೊತ್ತು ಕೋಟೆಯ ನಾನ್ನೂರು ಮೆಟ್ಟಿಲು ಹತ್ತುತ್ತಾರೆ. ಹತ್ತುವಾಗ ಅವರ ಮೇಲೆ ಸೈಕಲ್ಲು, ಇಳಿಯುವಾಗ ಸೈಕಲ್ಲಿನ ಮೇಲೆ ಅವರು. ಲೆಕ್ಕ ಸರಿಹೋಯಿತು ಎಂದು ಬೆಟ್ಟದ ಬುಡದ ಹೋಟೆಲಿನವರು ನಗುತ್ತಾರೆ. ಇಳಿಯುವುದು ಮಾತ್ರ ಮೆಟ್ಟಿಲಿನಲ್ಲಲ್ಲ, ಹಿಂಬದಿಯ ಮಣ್ಣುದಾರಿಯಲ್ಲಿ. ಅದಕ್ಕೆ ಹದಿನೇಳು ತಿರುವು. ಒಂದೊಂದು ತಿರುವಿಗೂ ಮುಂಚೆ ನೆಲ ಗೇಣುದ್ದ ಉಬ್ಬುತ್ತದೆ, ಓಟ ತಾನಾಗಿಯೇ ತಗ್ಗುತ್ತದೆ, ಸೈಕಲ್ಲು ಬ್ರೇಕಿನ ಹಂಗಿಲ್ಲದೆ ತಿರುಗಿಕೊಳ್ಳುತ್ತದೆ. ದೇಶ ವಿದೇಶದ ಬೆಟ್ಟಗಳನ್ನು ಇಳಿದು ಬಂದವರು ಕೂಡ ಇಲ್ಲಿ ಹೆಲ್ಮೆಟ್ಟು ತೆಗೆದು, ಇದನ್ನು ಮಾಡಿದ ಇಂಜಿನಿಯರು ಯಾರು ಎಂದು ಕೇಳುವುದುಂಟು. ಒಂದು ಕತ್ತೆ, ಒಬ್ಬ ಹೆಂಗಸು ಎಂದು ಊರಿನವರು ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರೆ. ತಮಾಷೆಯಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ನೆತ್ತಿಯ ಕೋಟೆಯೊಳಗೆ ಕುಂಬಾರರ ಹನ್ನೊಂದು ಮನೆಗಳಿದ್ದವಂತೆ. ಅಲ್ಲಿನ ಹೊಂಡದ ಜೇಡಿಮಣ್ಣು ಬೆಣ್ಣೆಯ ಹಾಗೆ ಕೈಗೆ ಬರುತ್ತಿತ್ತು. ಸುತ್ತಲ ಇಪ್ಪತ್ತು ಹಳ್ಳಿಗಳಲ್ಲಿ ಕರೇಕಲ್ಲಿನ ಮಡಕೆಯ ನೀರು ಕುಡಿಯದವರಿರಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಮಡಕೆ ಸುಡುವ ಆವಿಗೆಯಿಂದ ಕಿಡಿ ಹಾರಿ ಫಿರಂಗಿಯ ಮದ್ದು ಇಟ್ಟಿದ್ದ ಮನೆಯ ಹುಲ್ಲಿನ ಚಾವಣಿಯ ಮೇಲೆ ಬಿತ್ತು. ಕಾವಲಿನವರು ಒದ್ದೆ ಕಂಬಳಿ ಬಡಿದು ಆರಿಸಿದ್ದರಿಂದ ಕೋಟೆ ಉಳಿಯಿತು. ಕೋಟೆಯ ಅಧಿಕಾರಿಯಾಗಿದ್ದ ಕಿಲ್ಲೇದಾರ ಸಿಂಗಪ್ಪ ನಾಯಕನಿಗೆ ಜೀವ ಬಾಯಿಗೆ ಬಂದಿತ್ತು. ಅವನೇನೂ ಕೆಟ್ಟ ಮನುಷ್ಯನಲ್ಲ. ಆದರೆ ಹೆದರಿದ ಅಧಿಕಾರಿ ಕೆಟ್ಟವನಿಗಿಂತ ಬೇಗ ಅಪ್ಪಣೆ ಕೊಡುತ್ತಾನೆ. ಇನ್ನು ಬೆಟ್ಟದ ಮೇಲೆ ಆವಿಗೆಗೆ ಬೆಂಕಿಯಿಲ್ಲ, ದೀಪಾವಳಿಯೊಳಗೆ ಕುಂಬಾರರೆಲ್ಲ ಇಳಿದು ಹೋಗತಕ್ಕದ್ದು ಎಂದು ಡಂಗುರ ಹೊಡೆಸಿದ.

ಇಳಿದು ಹೋಗುವುದೆಂದರೆ ಎಲ್ಲಿಗೆ? ಬುಡದಲ್ಲಿ ಇದ್ದದ್ದು ಒಂದು ಚೂರು ಬರಡು ನೆಲ, ಅಲ್ಲಿ ಕುಡಿಯಲು ಹನಿ ನೀರಿಲ್ಲ. ಅದರಾಚೆಯ ಹೊಲವೆಲ್ಲ ಬಯಲಿನ ಗೌಡರದು. ಹೋದರೆ ಮಡಕೆ ಮಾಡುವ ಚಕ್ರವಾದ ತಿಗರಿಯನ್ನು ಮೂಲೆಗೆ ಒರಗಿಸಿ, ಅವರ ಹೊಲದಲ್ಲಿ ಆಳುಗಳಾಗಬೇಕಿತ್ತು. ಗಂಡಸರು ಕೈಚೆಲ್ಲಿ ಕೂತರು. ಎದ್ದವಳು ಕಾಟಮ್ಮ. ಗಂಡ ಗುರುವಣ್ಣ ತಿಗರಿಯಲ್ಲಿ ಎತ್ತಿದ ಮಡಕೆಗಳನ್ನು ತಟ್ಟಿ ತಟ್ಟಿ ಹೊಟ್ಟೆ ಬರಿಸುವುದು ಅವಳ ಕೆಲಸ. ಮಣ್ಣಿನ ಜೊತೆ ಎಷ್ಟು ಮೆತ್ತಗೋ ಮನುಷ್ಯರ ಜೊತೆ ಅಷ್ಟೇ ಬಿರುಸು ಎಂದು ಹೆಸರಾದವಳು. ನೇರ ಕಿಲ್ಲೇದಾರನ ಮುಂದೆ ಹೋಗಿ ನಿಂತಳು.

"ಆವಿಗೆ ಕೆಳಗೆ ಇಟ್ಕೋತೀವಿ ಬುದ್ಧಿ, ಮನೆ ಇಲ್ಲೇ ಇರ್ಲಿ. ಹಸಿ ಮಡಕೆ ಇಳ್ಸಿ ಸುಟ್ಕೊಂಡು ಬತ್ತೀವಿ."

ನಾಯಕನಿಗೆ ನಗು ಬಂತು. ಹಸಿ ಮಡಕೆ ಎಂದರೆ ನೆರಳಲ್ಲಿ ಒಣಗಿ, ಇನ್ನೂ ಬೆಂಕಿ ಕಾಣದ ಮಡಕೆ. ಬೆರಳಿನಿಂದ ಒತ್ತಿದರೆ ಸಾಕು, ಬಿರಿಯುತ್ತದೆ. "ಬೆಂದ ಮಡಕೇನೇ ಈ ಮೆಟ್ಲಲ್ಲಿ ಉಳಿಯಾಕಿಲ್ಲ, ಹಸೀದು ಉಳೀತದಾ? ಆಗ್ಲಿ. ದೀಪಾವಳಿಯೊಳಗೆ ಒಂದು ಹೇರು ಹಸಿ ಮಡಕೆ ಒಂದೂ ಬಿರೀದಂಗೆ ನನ್ನ ಮುಂದೆ ಇಳ್ಸು, ಇದ್ಕೊಳ್ಳಿ. ಇಲ್ದಿದ್ರೆ ತಿಗರಿ ಎತ್ಕೊಂಡು ನಡೀರಿ" ಎಂದ.

ಮೆಟ್ಟಿಲಿನ ಆಸೆಯನ್ನು ಕಾಟಮ್ಮ ಅಂದೇ ಬಿಟ್ಟಳು. ಅವಳ ಮನೆಯಲ್ಲಿ ಬೂದಿ ಎಂಬ ಹೆಣ್ಣುಕತ್ತೆಯಿತ್ತು. ಅದರ ಬೆನ್ನಿಗೆ ಎರಡು ಬೀಸುವ ಕಲ್ಲು ಹೇರಿ, ಬೆಟ್ಟದ ಹಿಂಬದಿಗೆ ಅಟ್ಟಿ, ತಾನು ಸುಣ್ಣದ ಗಡಿಗೆ ಹಿಡಿದು ಹಿಂದೆ ಹಿಂದೆ ನಡೆದಳು. ಭಾರ ಹೊತ್ತ ಕತ್ತೆ ಕಡಿದಾದ ಕಡೆ ಕಾಲಿಡುವುದಿಲ್ಲ. ಹೊಡೆದರೂ ಇಡುವುದಿಲ್ಲ. ಓರೆಯಾಗಿ ಅಷ್ಟು ದೂರ ನಡೆದು, ಮೂತಿ ತಿರುಗಿಸಿ, ಮತ್ತೆ ಓರೆಯಾಗಿ ನಡೆಯುತ್ತದೆ. ಬೂದಿ ಮೂತಿ ತಿರುಗಿಸಿದಲ್ಲೆಲ್ಲ ಕಾಟಮ್ಮ ಸುಣ್ಣ ಚೆಲ್ಲಿದಳು. ಬುಡ ಮುಟ್ಟುವಾಗ ಹದಿನೇಳು ಗುರುತುಗಳಾಗಿದ್ದವು. ಮಾರನೆಯ ದಿನದಿಂದ ಹನ್ನೊಂದು ಮನೆಯವರೂ ಗುದ್ದಲಿ ಹಿಡಿದರು.

ಅಲ್ಲೇ ಅವರು ಎಡವಿದ್ದು. ಬೇರೆಯವರಾಗಿದ್ದರೆ ಆ ತಪ್ಪು ಮಾಡುತ್ತಲೇ ಇರಲಿಲ್ಲ. ಕುಂಬಾರನಿಗೆ ಕಲ್ಲು ಹುಟ್ಟು ವೈರಿ. ಮಣ್ಣಿನಲ್ಲಿ ಒಂದು ಸುಣ್ಣಕಲ್ಲಿನ ಚೂರು ಉಳಿದರೂ ಮಡಕೆ ಸಿಡಿಯುತ್ತದೆ. ಹಾಗಾಗಿ ಅವರು ದಾರಿಯನ್ನೂ ಮಡಕೆಯ ಮಣ್ಣಿನ ಹಾಗೇ ಹಸನು ಮಾಡಿದರು. ಹರಳು ಹರಳನ್ನೂ ಆರಿಸಿ ಎಸೆದರು, ಮಣ್ಣು ಹದವಾಗಿ ತುಳಿದರು, ಅಂಗೈಯಲ್ಲಿ ಸವರಿ ನೋಡಿದರು. ಮದುವೆಮನೆಯ ಅಂಗಳ ಕೂಡ ಅಷ್ಟು ನುಣುಪಾಗಿರಲಿಕ್ಕಿಲ್ಲ. ಆಮೇಲೆ ಇಪ್ಪತ್ತು ಹಸಿ ಮಡಕೆಗಳನ್ನು ಹುಲ್ಲಿಟ್ಟು ಬಲೆಗೆ ತುಂಬಿ ಬೂದಿಯ ಮೇಲೆ ಹೇರಿದರು. ನುಣುಪು ನೆಲ, ಹಿಂದಿನಿಂದ ದೂಡುವ ಭಾರ. ಪಾಪದ ಪ್ರಾಣಿ ಎಲ್ಲಿ ತಡೆದುಕೊಂಡೀತು? ನಡೆಯುತ್ತಿದ್ದದ್ದು ಓಡತೊಡಗಿತು. ಮೂರನೆಯ ತಿರುವಿನಲ್ಲಿ ಮುಗ್ಗರಿಸಿ ಬಿತ್ತು. ಒಂದು ಮಡಕೆಯೂ ಉಳಿಯಲಿಲ್ಲ.

ದೀಪಾವಳಿಗೆ ಉಳಿದದ್ದು ಹದಿನೈದು ದಿನ. "ನಡಿಯೇ, ಗೌಡ್ರ ಮನೆ ಕೆಲ್ಸಾನೇ ನಮ್ಮ ಹಣೇಲಿರೋದು" ಎಂದು ಗುರುವಣ್ಣ ಮೇಲಕ್ಕೆ ಹೋದ. ಕಾಟಮ್ಮ ಹೋಗಲಿಲ್ಲ. ಒಡೆದ ಮಡಕೆಯ ಓಡುಗಳ ನಡುವೆ ಕೂತು ಒಂದು ಚೂರನ್ನು ಕೈಯಲ್ಲಿ ಹಿಸುಕುತ್ತಿದ್ದಳಂತೆ. ಅದು ಪುಡಿಯಾಗಿ ಬೆರಳಿಗೆ ಮರಳು ಹತ್ತಿತು. ಅವಳೇ ಬೆರೆಸಿದ್ದ ಮರಳು. ಸೋಸಿದ ಜೇಡಿಯನ್ನು ಹಾಗೇ ತಿಗರಿಗೆ ಹಾಕಿದರೆ ಒಣಗುವಾಗ ಬಿರುಕು ಬಿಡುತ್ತದೆ, ಸೋಸಿದ ಮೇಲೆ ಅಳತೆಯಾಗಿ ಮರಳು ಬೆರೆಸಲೇಬೇಕು. ಕಾಟಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲೆ ಹೋಗಿ ಎಲ್ಲರನ್ನೂ ಸೇರಿಸಿ, "ಮಣ್ಣಿಗೆ ಮರಳು ಹಾಕೋದು ಗೊತ್ತು, ದಾರಿಗೆ ಹಾಕೋದು ಮರ್ತ್ವಲ್ಲ. ಎಸ್ದಿರೋ ಕಲ್ಲೆಲ್ಲ ಆರ್ಕೊಂಡು ಬನ್ನಿ" ಎಂದಳು. ಹದಿಮೂರು ದಿನ ಹಗಲೆಲ್ಲ ದುಡಿದು, ತಿರುವು ತಿರುವಿಗೂ ಮುಂಚೆ ಕಲ್ಲು ಹೂತು, ಮೇಲೆ ಗರಸು ಮಣ್ಣು ಮುಚ್ಚಿ, ನೆಲವನ್ನು ಗೇಣುದ್ದ ಉಬ್ಬಿಸಿದರು. ಉಬ್ಬು ಬಂದಾಗ ಬೂದಿ ಹೆಜ್ಜೆ ನಿಧಾನಿಸುತ್ತಿತ್ತು, ಉಸಿರು ಬಿಡುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಓದು ಬರಹ ಬಾರದ ಹೆಂಗಸಿಗೆ ಹೊಳೆದದ್ದು ಇದು. ಇದನ್ನು ಬರೆಯುವಾಗ ನನಗೆ ಹೆಮ್ಮೆಯೆನಿಸುತ್ತದೆ.

ದೀಪಾವಳಿಯ ಹಿಂದಿನ ದಿನ ನಾಯಕ ಬುಡದಲ್ಲಿ ಕಂಬಳಿ ಹಾಸಿ ಕೂತ. ಕತ್ತೆ ಇಳಿಯಿತು. ಕಾಟಮ್ಮ ಹಗ್ಗವನ್ನೂ ಮುಟ್ಟದೆ ಹಿಂದೆ ಬಂದಳು. ಬಲೆ ಬಿಚ್ಚಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಇಡಿಯಾಗಿದ್ದವು. ಸುಡುವ ಮೊದಲು ಕೆಮ್ಮಣ್ಣು ಬಳಿಯುವುದು ಕುಂಬಾರರ ವಾಡಿಕೆ; ಬಳಿದ ಮಡಕೆ ನೋಡಲು ಬೆಂದ ಹಾಗೇ ಕೆಂಪಗಿರುತ್ತದೆ. ನಾಯಕ ಹುಬ್ಬು ಗಂಟಿಕ್ಕಿದ. "ಯಾರ ಕಣ್ಣಿಗೆ ಮಣ್ಣು ಎರಚ್ತೀಯೇ? ಇವು ಬೆಂದಿರೋವು. ಕದ್ದು ಮೇಲೇ ಸುಟ್ಟಿದ್ದೀಯ."

ಮೇಲೆ ಬೆಂಕಿ ಹಚ್ಚಿದ ಅಪರಾಧಕ್ಕೆ ಊರು ಬಿಡುವುದಷ್ಟೇ ಅಲ್ಲ, ತಲೆಯೇ ಹೋಗಬಹುದಿತ್ತು. ಕಾಟಮ್ಮ ಹೇರಿನತ್ತ ಬಾಗಿದಳು. ಹೇರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಮಡಕೆಯನ್ನು ಎತ್ತಿಕೊಂಡಳು. ಗಂಡ ಆ ವರ್ಷ ಎತ್ತಿದ್ದರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ, ಮೂರು ದಿನ ಅವಳೇ ತಟ್ಟಿದ್ದಳು. ಅದನ್ನು ನಾಯಕನ ಕೈಗಿಟ್ಟು, ಅವನ ಆಳಿನ ಬಳಿಯಿದ್ದ ತಂಬಿಗೆ ಈಸಿಕೊಂಡು ಮಡಕೆಯೊಳಗೆ ನೀರು ಸುರಿದಳು.

"ಒಸಿ ಹೊತ್ತು ಹಿಡ್ಕೊಂಡಿರಿ ಬುದ್ಧಿ."

ಒಂದು ವೀಳ್ಯ ಜಗಿಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಡಕೆ ನಾಯಕನ ಅಂಗೈಯಲ್ಲಿ ಮೆತ್ತಗಾಯಿತು. ಬೆರಳುಗಳು ಒಳಕ್ಕೆ ಇಳಿದವು, ತಳ ಕಳಚಿತು. ನೀರೂ ಕೆಸರೂ ಅವನ ರೇಷ್ಮೆಯ ಪಂಚೆಯ ಮೇಲೆ ಹರಿದವು. ನಾಯಕ ಕೈಯಲ್ಲಿ ಉಳಿದ ಕೆಸರನ್ನು ನೋಡಿದ, ಬೆಟ್ಟದ ಮೇಲಿನವರೆಗೆ ದಾರಿಯನ್ನು ನೋಡಿದ. "ಮೇಲೇ ಇದ್ಕೊಳ್ಳಿ" ಎಂದ. ಅಷ್ಟು ದಿನ ಅಳದ ಕಾಟಮ್ಮ ಆಗ ಅತ್ತಳು. ಆ ಮಡಕೆಗಾಗಿ ಅತ್ತಳು ಎನ್ನುತ್ತಾರೆ.

ಈಗ ಕೋಟೆಗೆ ಬಾಗಿಲಿಲ್ಲ, ಮದ್ದಿನ ಮನೆಗೆ ಚಾವಣಿಯಿಲ್ಲ. ಸಿಂಗಪ್ಪ ನಾಯಕನ ಮನೆ ಯಾವ ಕಡೆಗಿತ್ತು ಎಂದು ತೋರಿಸುವವರೂ ಇಲ್ಲ. ಕುಂಬಾರರ ಮನೆಗಳಿವೆ. ಮೇಲೆ ಬೆಂಕಿ ಹಚ್ಚಬೇಡಿ ಎನ್ನುವವರು ಯಾರೂ ಉಳಿದಿಲ್ಲವಾದರೂ ಅವರು ಇವತ್ತಿಗೂ ಆವಿಗೆಯನ್ನು ಬುಡದಲ್ಲೇ ಇಡುತ್ತಾರೆ, ಭಾನುವಾರ ಬೆಳಿಗ್ಗೆ ಹಸಿ ಮಡಕೆಗಳನ್ನು ಈ ದಾರಿಯಲ್ಲೇ ಇಳಿಸುತ್ತಾರೆ. ಯಾಕೆ ಎಂದು ಸವಾರರು ಕೇಳಿದ್ದಕ್ಕೆ ಅಲ್ಲಿನ ಒಬ್ಬ ಹೆಂಗಸು, "ದಾರಿ ಐತಲ್ಲ" ಎಂದಳಂತೆ. ಹೇರು ಹೊತ್ತ ಕತ್ತೆ ತಿರುವಿನಲ್ಲಿ ಕಾಣಿಸಿತೆಂದರೆ, ಲಕ್ಷಗಟ್ಟಲೆ ಬೆಲೆಯ ಸೈಕಲ್ಲಿನವರೂ ಇಳಿದು, ದಾರಿ ಬಿಟ್ಟು ಹುಲ್ಲಿನ ಮೇಲೆ ಸಾಲಾಗಿ ನಿಲ್ಲುತ್ತಾರೆ. ಕೊನೆಯ ಮಡಕೆ ದಾಟಿದ ಮೇಲೆಯೇ ಮತ್ತೆ ಸೈಕಲ್ಲು ಹತ್ತುತ್ತಾರೆ.