ಬರಿಗಾಲಿನ ಸೇವೆ

"ಗುರುಗಳೇ, ಕಲ್ಯಾಣಿಯ ಕಸ ತೆಗೆಯುವುದು ದೇವರ ಕೆಲಸ. ಅದಕ್ಕೂ ಬೂಟು, ಕೈಗವಸು ಬೇಕೇ? ಭಕ್ತಿಯೊಂದಿದ್ದರೆ ಸಾಲದೇ?" ಎಂದು ಶಿಷ್ಯ ಕೇಳಿದ. ಮರುದಿನದ ಸೇವೆಗೆಂದು ಗುರುಗಳು ತರಿಸಿದ್ದ ಬೂಟುಗಳನ್ನು ಕಂಡು ಅವನಿಗೆ ನಾಚಿಕೆಯಾಗಿತ್ತು.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಒಬ್ಬಳೇ ಮಗಳು. ಅವಳ ಮದುವೆಗೆ ಎರಡೇ ದಿನ ಉಳಿದಿತ್ತು. ಗಂಗೆಪೂಜೆಗೆ ಊರ ಕಲ್ಯಾಣಿಗೇ ಹೋಗಬೇಕು. ಕಲ್ಯಾಣಿಯೋ ಕಸದ ತೊಟ್ಟಿಯಾಗಿತ್ತು. ಬೀಗರ ಮುಂದೆ ಮಾನ ಹೋಗುತ್ತದಲ್ಲಾ ಎಂದು ಅವನಿಗೆ ಊಟ ಸೇರದಾಯಿತು. ಕಸ ತೆಗೆಯಲು ಬನ್ನಿರೆಂದು ಊರವರಲ್ಲಿ ಕೇಳಿಕೊಂಡ. ಇಪ್ಪತ್ತು ಮಂದಿ ಬಂದರು.

ಸಿದ್ಧತೆಗೇನೂ ಕಡಿಮೆಯಿರಲಿಲ್ಲ. ಪುರೋಹಿತರು ಬಂದರು, ಹೂವು ಬಂತು, ನಾದಸ್ವರ ಬಂತು, ಎಲ್ಲರಿಗೂ ಉಪ್ಪಿಟ್ಟು ಬಂತು. ಮದುವೆಯ ಗಡಿಬಿಡಿಯಲ್ಲಿ ತಾಳಿ ಮರೆತರೆಂಬಂತೆ, ಕಸ ತುಂಬುವ ಗೋಣಿಚೀಲ ಮಾತ್ರ ಮರೆತುಹೋಯಿತು. ಮೆಟ್ಟಿಲ ಮೇಲೆ ಪೂಜೆಯಾಯಿತು. ಪೂಜೆಯಾದ ಜಾಗವೆಂದು ಎಲ್ಲರೂ ಚಪ್ಪಲಿಯನ್ನು ದೂರ ಬಿಟ್ಟರು.

ಚಿಂದಿ ಆಯುವ ಮುದುಕಿಯೊಬ್ಬಳು ಅಲ್ಲೇ ನಿಂತಿದ್ದಳು. "ಸಾವ್ಕಾರ್ರೇ, ಒಳಗೆಲ್ಲಾ ಬಾಟ್ಲಿ ಚೂರೈತೆ. ಕಾಲಿಗೇನಾದ್ರೂ ಮೆಟ್ಕಳ್ಳಿ," ಎಂದಳು.

"ಗಂಗಮ್ಮನ ಮೇಲೆ ಚಪ್ಪಲಿ ಕಾಲಿಡೋದುಂಟೇನಜ್ಜಿ? ಕಾಪಾಡೋಳು ಅವಳೇ."

"ಕಾಪಾಡ್ತಾಳೆ, ಇಲ್ಲಾ ಅನ್ನಲ್ಲ. ಆದ್ರೆ ಬಾಟ್ಲಿ ಒಡ್ದಿರೋದು ಗಂಗಮ್ಮ ಅಲ್ಲ ಸಾವ್ಕಾರ್ರೇ, ನಮ್ಮೂರ ಗಂಡಸ್ರು."

ವ್ಯಾಪಾರಿ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟ. ಮೂರನೇ ಮೆಟ್ಟಿಲಲ್ಲಿ ಗಾಜಿನ ಚೂರು ಹಿಮ್ಮಡಿಗೆ ಹೊಕ್ಕಿತು. ಅಯ್ಯೋ ಎಂದು ಕುಸಿದ. ಕುಸಿಯುವಾಗ ಊರಿದ ಬಲಗೈಗೆ ಇನ್ನೊಂದು ಚೂರು. ಆ ಕೂಗು ಕೇಳಿ, ಕೆಲಸ ಶುರುವಾಯಿತೆಂದುಕೊಂಡ ನಾದಸ್ವರದವನು ಇನ್ನಷ್ಟು ಜೋರಾಗಿ ಊದಿದ. ವ್ಯಾಪಾರಿಯದು ಒಳ್ಳೇ ತೂಕದ ಮೈ. ಎಂಟು ಮಂದಿ ಅವನನ್ನು ಹೊತ್ತರು. ಉಳಿದ ಹನ್ನೆರಡು ಮಂದಿ ಹೇಗೆ ಹೊರಬೇಕೆಂದು ಹೇಳಿಕೊಟ್ಟರು. ಆಸ್ಪತ್ರೆಯಲ್ಲಿ ಕೈಗೂ ಕಾಲಿಗೂ ಹೊಲಿಗೆ ಬಿತ್ತು. ಮದುವೆಯ ದಿನ ಮಗಳನ್ನು ಧಾರೆ ಎರೆದುಕೊಟ್ಟವನು ಅವನ ತಮ್ಮ. ವ್ಯಾಪಾರಿ ಕುರ್ಚಿಯಲ್ಲಿ ಕೂತು ನೋಡಿದ, ಮಗುವಿನ ಹಾಗೆ ಅತ್ತ.

ಶಿಷ್ಯನಿಗೆ ಪಾಪವೆನಿಸಿತು. ಆದರೂ ಪಟ್ಟು ಬಿಡಲಿಲ್ಲ. "ಅವನ ಭಕ್ತಿ ನಿಜವಾದದ್ದೇ ಅಲ್ಲವೇ ಗುರುಗಳೇ? ಅಂದು ಕಲ್ಯಾಣಿಯಿಂದ ಸ್ವಲ್ಪವಾದರೂ ಕಸ ಎತ್ತಿದರೇ?"

"ಇಪ್ಪತ್ತು ಮಂದಿ ಸೇರಿ ಅಂದು ಕಲ್ಯಾಣಿಯಿಂದ ಎತ್ತಿ ಹೊರಗೆ ಹಾಕಿದ್ದು ಆ ಭಕ್ತನೊಬ್ಬನನ್ನೇ," ಎಂದರು ಗುರುಗಳು.

ಶಿಷ್ಯ ಬೂಟುಗಳನ್ನು ಎಳೆದುಕೊಂಡು ಕಾಲಿಗೆ ಅಳತೆ ನೋಡತೊಡಗಿದ.