ಅಂಟಿದ ಹಾಳೆ

“ಗುರುಗಳೇ, ಹರೆಯದಲ್ಲಿ ಮೈ ಬದಲಾಗುವ ಪಾಠವನ್ನು ನಮ್ಮ ಮಠದ ಶಾಲೆಯಲ್ಲಿ ಹೇಳಿಕೊಡಬಹುದೇ? ಭಕ್ತರು ಬೇಡ ಎನ್ನುತ್ತಿದ್ದಾರೆ,” ಎಂದು ಶಿಷ್ಯ ಕೇಳಿದ. ಅವನು ಆ ಶಾಲೆಯ ಹೆಡ್‌ಮಾಸ್ತರ.

“ಬೇಡ ಎನ್ನಲು ಅವರ ಗಂಟೇನು ಹೋಗುತ್ತದೆ? ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಎಣ್ಣೆ ವರ್ತಕನಿದ್ದ. ಅವನಿಗೆ ದೇವರೆಂದರೆ ಪ್ರಾಣ, ಮಗಳೆಂದರೆ ಅದಕ್ಕಿಂತ ಒಂದು ಕೈ ಹೆಚ್ಚು. ಒಂದು ದಿನ ಮಗಳ ಪುಸ್ತಕದಲ್ಲಿ ಇದೇ ಪಾಠ ಕಂಡ. ಶಿವ ಶಿವಾ, ಇದನ್ನು ಓದಿದರೆ ಮಕ್ಕಳು ಕೆಟ್ಟು ಹೋಗುತ್ತಾರೆ ಎಂದು ಶಾಲೆಗೆ ಓಡಿದ. ಊರಿನ ದೊಡ್ಡ ಭಕ್ತನಲ್ಲವೇ, ಮೇಷ್ಟ್ರು ಪುಸ್ತಕಗಳನ್ನೆಲ್ಲ ತಂದು ಅವನ ಮುಂದಿಟ್ಟರು. ವರ್ತಕ ಮನೆಯಲ್ಲೇ ಮೈದಾ ಅಂಟು ಕಾಯಿಸಿ ತಂದು, ತರಗತಿಯ ಎಲ್ಲ ಪುಸ್ತಕಗಳಲ್ಲೂ ಆ ಹಾಳೆಗಳನ್ನು ಕೂಡಿಸಿ ಅಂಟಿಸಿದ. ಪುಣ್ಯದ ಕೆಲಸವೆಂದು ಒಂದನ್ನೂ ಬಿಡಲಿಲ್ಲ.

ಚೌತಿ ಬಂತು. ಮಗಳು ಆಸೆ ತಡೆಯಲಾರದೆ ನೈವೇದ್ಯಕ್ಕೆ ಮೊದಲೇ ಒಂದು ಕಡುಬು ತಿಂದಳು. ಹಾಗೆ ತಿಂದವರು ರಕ್ತ ಕಾರಿ ಸಾಯುತ್ತಾರೆಂದು ಅಜ್ಜಿ ಯಾವಾಗಲೂ ಹೆದರಿಸುತ್ತಿದ್ದಳು. ಮಾರನೆಯ ದಿನವೇ ಹುಡುಗಿ ಬಟ್ಟೆಯಲ್ಲಿ ರಕ್ತ ಕಂಡಳು.

ಯಾರಿಗೂ ಹೇಳಲಿಲ್ಲ ಆ ಕೂಸು. ದೇವರು ಕ್ಷಮಿಸಲಿ ಎಂದು ಅನ್ನ ಬಿಟ್ಟಳು, ನೀರೂ ಬಿಟ್ಟಳು. ತಟ್ಟೆಯಲ್ಲಿದ್ದುದು ಕದ್ದುಮುಚ್ಚಿ ಹಸುವಿನ ಬಾಯಿಗೆ ಹೋಯಿತು. ಮೂರನೆಯ ದಿನ ದೇವರ ಮನೆಯ ಮುಂದೆ ಕುಸಿದು ಬಿದ್ದಳು.

ವರ್ತಕ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಮಗಳು ಒಣಗಿದ ತುಟಿಯಲ್ಲಿ ಕೇಳಿದಳು: “ಅಪ್ಪಾ, ಕಡುಬು ಕದ್ದದ್ದು ನಾನೇ. ಒಪ್ಪಿಕೊಂಡೆನಲ್ಲ, ಇನ್ನಾದರೂ ರಕ್ತ ನಿಲ್ಲುತ್ತದಾ?”

“ಅಯ್ಯೋ ನನ್ನ ಕಂದಾ, ಇದು ಶಾಪ ಅಲ್ಲ ಕಣೇ! ನೀನು ದೊಡ್ಡವಳಾಗಿದ್ದೀಯ!” ಎಂದು ತಾಯಿ ಎದೆ ಬಡಿದುಕೊಂಡಳು. ಕಾಲ ಬಂದಾಗ ತಾನೇ ತಿಳಿಯುತ್ತದೆ ಎಂದು ಸುಮ್ಮನಿದ್ದವಳು ಅವಳೇ.

ತಾಯಿ ಮಗಳ ಬಾಯಿಗೆ ನೀರು ಬಿಡುತ್ತಿರುವಾಗ ವರ್ತಕ ಅವಳ ಚೀಲದಿಂದ ಪುಸ್ತಕ ಎಳೆದ. ಹಾಳೆ ಬಿಡಿಸಲು ಹೋದ. ಅಂಟು ಗಟ್ಟಿಯಾಗಿತ್ತು. ಹರಿದು ಬಂದ ಚೂರಿನಲ್ಲಿ ಒಂದೇ ಸಾಲು ಉಳಿದಿತ್ತು: ಇದು ಕಾಯಿಲೆಯಲ್ಲ, ಹೆದರಬೇಡ, ಅಮ್ಮನಿಗೆ ಹೇಳು.

ಗುರುಗಳು ಅಲ್ಲಿಗೇ ನಿಲ್ಲಿಸಿದರು.

“ಹುಡುಗಿ ಬದುಕಿದಳೇ, ಗುರುಗಳೇ?”

“ನಿನ್ನ ಶಾಲೆಯಲ್ಲಿ ಇವತ್ತು ಎಷ್ಟು ಹುಡುಗಿಯರು ಊಟ ಬಿಟ್ಟಿದ್ದಾರೆ, ಮೊದಲು ನೋಡಿಕೊಂಡು ಬಾ.”