ರಕ್ಕಸಗುಡ್ಡೆಯ ಕಲ್ಲುಗಳು

ಕೂಡ್ಲಿಗಿ ಸೀಮೆಯ ಕಡ್ಲೆಗುಂದಿಯಿಂದ ಹೊರಬಿದ್ದ ದಾರಿ ಬಂಡೆಗಳ ನಡುವೆ ನುಸುಳಿ ತಿರುಗುವಲ್ಲಿ ಆಳೆತ್ತರಕ್ಕೂ ಮೀರಿದ ಒಂದು ಕಲ್ಲುರಾಶಿಯಿದೆ. ಅದೇ ರಕ್ಕಸಗುಡ್ಡೆ. ಬಸ್ಸಿನಲ್ಲಿ ಹೋಗುವವರೂ ಕಿಟಕಿಯಿಂದ ಒಂದು ಕಲ್ಲು ಬೀಸುತ್ತಾರೆ. "ಒಗೀರಿ ಮೇಡಂ, ಒಳಗಿರೋನು ಮನುಷ್ಯರನ್ನ ತಿಂದೋನು. ಭಾರ ಕಮ್ಮಿ ಆದ್ರ ಎದ್ದು ಬರ್ತಾನ," ಎಂದು ಆಟೋದ ತಿಪ್ಪೇಶಿ ನನಗೂ ಒಂದು ಕಲ್ಲು ಕೊಟ್ಟ. ಹೆಸರಾಂತವರ ಸಮಾಧಿಗಳನ್ನು ದೇಶದೇಶಗಳಲ್ಲಿ ನೋಡಿದ್ದೇನೆ; ಹೂವಿನ ಹಾರ, ಬಾಡಿದ ಹಾರ, ಕೊನೆಗೆ ಹಾರ ತಿನ್ನುವ ಮೇಕೆ. ಕಲ್ಲೇಟು ತಿನ್ನುವ ಕೀರ್ತಿಯನ್ನು ಕಂಡದ್ದು ಇಲ್ಲೊಂದೇ ಕಡೆ. ಕೀರ್ತಿ ಎಂದೆ, ಏಕೆಂದರೆ ಊರೊಳಗಿನ ಬೋರಮ್ಮನ ಮನೆಯವರು ಹೇಳುವ ಕಥೆ ಬೇರೆಯೇ ಇದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ದೊಡ್ಡಾಟದ ಮೇಳದಲ್ಲಿ ರಕ್ಕಸನ ವೇಷಕ್ಕೆ ಹೆಸರಾದವನೊಬ್ಬನಿದ್ದನಂತೆ. ಬಣ್ಣವಿಲ್ಲದಾಗ ಕುರಿಮರಿಯನ್ನೂ ಗದರದವನು. ಬಣ್ಣ ಬಳಿದು ರಂಗಕ್ಕೆ ನುಗ್ಗಿದರೆ ಮುಂದೆ ಕೂತವರು ಹಿಂದಿನವರ ತೊಡೆಯ ಮೇಲಿರುತ್ತಿದ್ದರು ಎನ್ನುತ್ತಾರೆ. ಅವನು ಸಾಯುವುದನ್ನು ನೋಡಲೆಂದೇ ಸುತ್ತಿನ ಊರುಗಳು ಗಾಡಿ ಕಟ್ಟಿಕೊಂಡು ಬರುತ್ತಿದ್ದವು. "ಇನ್ನೊಮ್ಮೆ ಸಾಯೋ ನಮ್ಮಪ್ಪಾ!" ಎಂದು ಜನ ಕೂಗಿದರೆ ಎದ್ದು, ಮೈ ಕೊಡವಿ, ಮತ್ತೆ ಸಾಯುತ್ತಿದ್ದ. ಮೇಳದಲ್ಲೊಂದು ಕಟ್ಟಳೆಯಿತ್ತು: ಆಟ ಮುಗಿದು ಮಂಗಳ ಹಾಡಿದ ಮೇಲೆ ವೇಷಧಾರಿ ತನ್ನ ಬಣ್ಣವನ್ನು ತಾನೇ ತೊಳೆಯಬೇಕು, ಬೇರೆಯವರ ಕೈ ತಾಗಬಾರದು. ಬಣ್ಣ ಹೋಗುವವರೆಗೆ ಅವನನ್ನು ಯಾರೂ ಅವನ ಹೆಸರಿನಿಂದ ಕರೆಯುವಂತಿರಲಿಲ್ಲ, ಹೆತ್ತವಳೂ ಸಹ.

ಒಂದು ಬೆಳಗಿನ ಜಾವ ಅವನು ಜನರ ಕೂಗಿಗೆ ಎದ್ದು, ಮತ್ತೆ ಬಿದ್ದವನು ಏಳಲಿಲ್ಲ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಗೊತ್ತಾದ ಮೇಲೆ ಅಷ್ಟೇ ಜೋರಾಗಿ ಅತ್ತರು. ಹೆಂಡತಿ ಪಾಲವ್ವ ಒಂದು ಕೊಡ ನೀರು ತಂದು, ಮಣ್ಣಿಗಿಡುವ ಮೊದಲು ಅವನ ಮುಖ ಒಮ್ಮೆ ನೋಡುತ್ತೇನೆಂದಳು. ಮೇಳದ ಭಾಗವತ ಅಡ್ಡ ನಿಂತ: "ತಂಗೀ, ತೊಳಕೋಬೇಕಾದೋನು ಅವನೇ. ನಾವು ಮುಟ್ಟಿದ್ರ ಮೇಳ ಉಳಿಯಂಗಿಲ್ಲ." ಜನಕ್ಕೂ ಆ ಕೆಂಪು ಕಪ್ಪಿನ ಮುಖವೇ ಬೇಕಾಗಿತ್ತು, ಅದರಡಿಯ ಮುಖದ ಗುರುತು ಎಷ್ಟು ಮಂದಿಗಿತ್ತು? "ನಿಮ್ಮ ರಕ್ಕಸನ್ನ ನೀವ ಇಟ್ಕೊಳ್ರೋ, ನನ್ನ ಗಂಡನ್ನ ನಂಗ ಕೊಡ್ರಿ!" ಎಂದು ಅವಳು ಚೀರಿದಳಂತೆ. ಕೊಡ ಕಿತ್ತುಕೊಂಡರು. ಕಿರೀಟ, ಮೀಸೆ, ಬಣ್ಣದ ಸಮೇತ ಹೂತರು. ಹೆಸರು ಹಿಡಿದು ಅಳುವಂತಿರಲಿಲ್ಲವಾದ್ದರಿಂದ ಊರೂರಿನವರು "ನಮ್ಮ ರಕ್ಕಸಾ" ಎಂದೇ ಅತ್ತು, ನರಿ ಕೆದರದಿರಲೆಂದು ಊರಿಗೊಂದು ಕಲ್ಲನ್ನು ಎರಡೂ ಕೈಯಿಂದ ಮೆಲ್ಲಗೆ ಇಟ್ಟುಹೋದರು. ಅವರ ಮಕ್ಕಳು ಒಂದೇ ಕೈಯಲ್ಲಿಟ್ಟರು. ಮೊಮ್ಮಕ್ಕಳು ದೂರದಿಂದ ಎಸೆದರು. ಆಮೇಲೆ ಎಸೆಯುವುದಕ್ಕೊಂದು ಕಾರಣ ಬೇಕಾಯಿತು.

ಪಾಲವ್ವ ಬದುಕಿದ್ದ ತನಕ ದಿನಾ ಒಂದು ಕೊಡ ನೀರನ್ನು ತಲೆಯ ಕಡೆ ಸುರಿದಳಂತೆ, ಸಂದಿಗಳಲ್ಲಿ ಇಳಿದು ಮುಖ ಮುಟ್ಟಲೆಂದು. ಈಗ ಆ ಮನೆಯ ಸೊಸೆ ಬೋರಮ್ಮ ಸುರಿಯುತ್ತಾಳೆ. ಸುತ್ತೆಲ್ಲ ಒಣಗಿದ್ದರೂ ಗುಡ್ಡೆಯ ಆ ಮಗ್ಗುಲಲ್ಲಿ ಮಾತ್ರ ಹುಲ್ಲು ಹಸಿರಾಗಿದೆ; ಆ ತೇವ ರಕ್ಕಸನ ಬೆವರು ಎಂದು ಬಂದವರು ಫೋಟೋ ತೆಗೆಯುತ್ತಾರೆ. ಅವಳು ನೀರು ಸುರಿದು ಮುಗಿಸುತ್ತಿದ್ದಾಗ ಅವನ ಹೆಸರೇನೆಂದು ನಾನು ಕೇಳಿದೆ.

"ನಮಗೂ ಗೊತ್ತಿಲ್ಲ ಯವ್ವಾ. ಬಣ್ಣ ಹೋದ ಮ್ಯಾಲೆ ಕರೀಬೇಕಂತ ಇದ್ರು. ಗೊತ್ತಿದ್ದೋರೆಲ್ಲ ಕಾಯ್ತಾ ಕಾಯ್ತಾನೇ ಹೋದ್ರು," ಎಂದು ಅವಳು ಬರಿದಾದ ಕೊಡವನ್ನು ಸೊಂಟಕ್ಕೇರಿಸಿ, ತಿರುವಿನಲ್ಲಿ ಬಸ್ಸಿನ ಸದ್ದು ಕೇಳುತ್ತಲೇ ಕಲ್ಲು ತಾಗದಿರಲೆಂದು ಅಭ್ಯಾಸದಿಂದೆಂಬಂತೆ ತಲೆ ತಗ್ಗಿಸಿದಳು.